ಡಿಸ್ಕ್ ಇದೆ, ಬ್ಯಾಕಪ್ ಇದೆಯೇ?

ಮದುವೆ ಮುಹೂರ್ತಗಳು ಒತ್ತಾಗಿ ಬಂದ ತಿಂಗಳಲ್ಲಿ ನಾರಾಯಣಪೇಟೆಯ ಒಂದು ಫೋಟೊ ಸ್ಟುಡಿಯೊದ ಕಂಪ್ಯೂಟರಿಗೆ ನೂರಾರು ಜಿಬಿ ಚಿತ್ರ, ವಿಡಿಯೊ ಬಂದು ಸೇರುತ್ತದೆ. ಗದ್ವಾಲ್‌ನ ಸೀರೆ ವ್ಯಾಪಾರಿಯ ಕಂಪ್ಯೂಟರಿನಲ್ಲಿ ಟ್ಯಾಲಿ ಲೆಕ್ಕ, ಜಿಎಸ್‌ಟಿ ಬಿಲ್ಲು, ಯಾವ ನೇಕಾರರಿಗೆ ಎಷ್ಟು ನೂಲು ಎಷ್ಟು ಜರಿ ಕೊಟ್ಟಿದೆ ಎಂಬ ಬಾಕಿ ಪಟ್ಟಿ ಇರುತ್ತದೆ. ಜಕಾರ್ಡ್ ಮಗ್ಗಕ್ಕೆ ಬೇಕಾದ ಅಂಚು, ಸೆರಗಿನ ವಿನ್ಯಾಸವನ್ನೂ ಈಗ ಕಂಪ್ಯೂಟರಿನಲ್ಲೇ ಬಿಡಿಸುವುದುಂಟು. ತೂತು ಹೊಡೆದ ರಟ್ಟುಗಳು ಸವೆದರೆ ಆ ಫೈಲಿನಿಂದಲೇ ಹೊಸದು ಮಾಡಿಸಬೇಕು. ಮಕ್ತಲ್‌ನ ಡಿಟಿಪಿ ಅಂಗಡಿಗಳ ಕತೆ ಇನ್ನೊಂದು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ರಾಯಚೂರು ಜಿಲ್ಲೆಯ ಗದ್ವಾಲ್, ಆಲಂಪುರ ತಾಲ್ಲೂಕುಗಳು ಆಗಿನ ಆಂಧ್ರಪ್ರದೇಶಕ್ಕೆ ಹೋದವು. ಗಡಿ ಬದಲಾದರೂ ಈ ಭಾಗದ ಊರುಗಳಲ್ಲಿ ಕನ್ನಡ ಉಳಿಯಿತು. ಮಕ್ತಲ್ ಪಕ್ಕದ ಕೃಷ್ಣಾ ಮಂಡಲದಲ್ಲಿ ಇಂದಿಗೂ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ಹಾಗಾಗಿ ಇಲ್ಲಿ ಲಗ್ನಪತ್ರಿಕೆ ತೆಲುಗಿನಲ್ಲೂ ಆಗಬೇಕು, ಕನ್ನಡದಲ್ಲೂ ಆಗಬೇಕು. ಎರಡು ಭಾಷೆಯ ಫಾಂಟು, ಎರಡು ಭಾಷೆಯ ಹಳೆಯ ಫೈಲುಗಳು ಒಂದೇ ಕಂಪ್ಯೂಟರಿನಲ್ಲಿ.

ಇಷ್ಟಕ್ಕೆಲ್ಲ ಕಾವಲು ಅಂಗೈಯಗಲದ ಒಂದು ಹಾರ್ಡ್ ಡಿಸ್ಕ್. ಅದು ಡ್ರಾಯರಿನಲ್ಲಿದೆ ಎಂಬ ಧೈರ್ಯದ ಮೇಲೆ ಅಂಗಡಿ ನಡೆಯುತ್ತದೆ. ಒಂದು ದಿನ ಪರದೆಯ ಮೂಲೆಯಲ್ಲಿ ಬ್ಯಾಕಪ್ ಪೂರ್ತಿಯಾಗಲಿಲ್ಲ ಎಂಬ ಸೂಚನೆ ಬರುತ್ತದೆ. ಹೆಚ್ಚಿನವರು ಅದನ್ನು ಒತ್ತಿ ಅಳಿಸಿ ಕೆಲಸಕ್ಕೆ ತೊಡಗುತ್ತಾರೆ. ಉಳಿದವರು ‘ಡಿಸ್ಕ್ ಹತ್ತವಲ್ದು’ ಎಂದು ಸಿಕ್ಕವರ ಕೈಗೆ ಕೊಟ್ಟು ಫಾರ್ಮ್ಯಾಟ್ ಮಾಡಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಎರಡನೆಯದೇ ಹೆಚ್ಚು ಹಾನಿಕರ. ಬ್ಯಾಕಪ್ ನಿಂತರೆ ಕಾರಣ ಬಹುಪಾಲು ಸಣ್ಣದು: ವೈರು, ಕರೆಂಟು, ಜಾಗ, ಹೊತ್ತು. ಅದನ್ನು ಹುಡುಕುವ ಕ್ರಮ ತಪ್ಪಿದರೆ ಮಾತ್ರ ಸಣ್ಣದು ದೊಡ್ಡದಾಗುತ್ತದೆ.

ಮೊದಲು ಏನೂ ಮಾಡಬೇಡಿ

ಡ್ರೈವ್ ಚುಚ್ಚಿದ ಕೂಡಲೇ ‘ಬಳಸುವ ಮೊದಲು ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು’ ಎಂದು ವಿಂಡೋಸ್ ಕೇಳಿದರೆ ‘ಕ್ಯಾನ್ಸಲ್’ ಒತ್ತಿ. ಆ ಸಂದೇಶದ ಅರ್ಥ ಡಿಸ್ಕ್ ಖಾಲಿ ಎಂದಲ್ಲ. ಅದರ ಮೇಲಿನ ಕಡತ ವ್ಯವಸ್ಥೆಯನ್ನು ಕಂಪ್ಯೂಟರಿಗೆ ಓದಲಾಗುತ್ತಿಲ್ಲ ಎಂದಷ್ಟೆ. ವೈರು ಸಡಿಲವಿದ್ದರೂ ಅದೇ ಮಾತು ಬರುತ್ತದೆ.

ಆಮೇಲೆ ನಿಮ್ಮನ್ನು ನೀವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಈ ಡಿಸ್ಕ್‌ನಲ್ಲಿರುವುದು ಕಂಪ್ಯೂಟರಿನಲ್ಲೂ ಇದೆಯೇ? ಸ್ಟುಡಿಯೊದವರಲ್ಲಿ ಈ ಗೊಂದಲ ಬಹಳ. ಕಂಪ್ಯೂಟರಿನ ಜಾಗ ತುಂಬಿತು ಎಂದು ಹಳೆಯ ಮದುವೆಗಳನ್ನು ಕಟ್ ಮಾಡಿ ಹೊರಗಿನ ಡಿಸ್ಕ್‌ಗೆ ಪೇಸ್ಟ್ ಮಾಡಿ, ಅದನ್ನೇ ‘ಬ್ಯಾಕಪ್ ಡಿಸ್ಕ್’ ಎಂದು ಕರೆಯುತ್ತಾರೆ. ಅದು ಬ್ಯಾಕಪ್ ಅಲ್ಲ, ಮನೆ ಬದಲಾಯಿಸಿದ್ದು. ಇರುವುದು ಒಂದೇ ಪ್ರತಿ. ಮೊದಲು ಒಳಗಿನ ಡಿಸ್ಕ್‌ನಲ್ಲಿದ್ದದ್ದು ಈಗ ಕೈತಪ್ಪಿ ಬೀಳಬಹುದಾದ ಹೊರಗಿನ ಡಿಸ್ಕ್‌ನಲ್ಲಿದೆ. ಅಂಥ ಡಿಸ್ಕ್ ತೊಂದರೆ ಕೊಟ್ಟಾಗ ದುರಸ್ತಿಗೆ ಕೈ ಹಾಕಬೇಡಿ. ಓದಲು ಬಂದಷ್ಟನ್ನು ಬೇರೆಡೆಗೆ ನಕಲು ಮಾಡಿಕೊಳ್ಳಿ, ಅದರಲ್ಲೂ ಇನ್ನೂ ಗಿರಾಕಿಗೆ ಕೊಡದ ಕೆಲಸವನ್ನು ಮೊದಲು.

ಡಿಸ್ಕ್‌ನಿಂದ ಟಕ್ ಟಕ್ ಸದ್ದು ಒಂದೇ ಸಮನೆ ಬರುತ್ತಿದ್ದು, ಡ್ರೈವ್ ಒಮ್ಮೆ ಕಾಣಿಸಿ ಒಮ್ಮೆ ಮರೆಯಾಗುತ್ತಿದ್ದರೆ ತಕ್ಷಣ ತೆಗೆದುಬಿಡಿ. ಬೇರೆ ವೈರಿನಲ್ಲಿ, ಬೇರೆ ಪೋರ್ಟಿನಲ್ಲಿ ಒಂದು ಸಲ ನೋಡಿ. ಆಗಲೂ ಅದೇ ಸದ್ದು ಇದ್ದರೆ ಒಳಗಿನ ತಲೆ ಅಥವಾ ತಟ್ಟೆಗೆ ಪೆಟ್ಟಾಗಿರುವ ಸಂಭವವಿದೆ, ಓಡಿಸಿದಷ್ಟೂ ಕೆಡುತ್ತದೆ. ಫ್ರಿಜ್‌ನಲ್ಲಿಡುವುದು, ತಟ್ಟುವುದು, ಸ್ಕ್ರೂ ಬಿಚ್ಚಿ ನೋಡುವುದು ಮೂರೂ ಬೇಡ. ಡೇಟಾ ನಿಜಕ್ಕೂ ಬೇಕಿದ್ದರೆ ಧೂಳಿಲ್ಲದ ಕೋಣೆಯಿರುವ ರಿಕವರಿ ಕೇಂದ್ರಕ್ಕೇ ಒಯ್ಯಬೇಕು. ಇಲ್ಲಿಂದ ಅದಕ್ಕೆ ಹೈದರಾಬಾದಿಗೇ ಹೋಗಬೇಕು. ಡಿಸ್ಕ್ ಬಿಚ್ಚುವ ಮುನ್ನವೇ ದರವನ್ನು ಬರಹದಲ್ಲಿ ಕೇಳಿ. ವಾರಂಟಿ ಇದ್ದರೆ ಕಂಪನಿ ಹೊಸ ಡಿಸ್ಕ್ ಕೊಡುತ್ತದೆ, ಒಳಗಿದ್ದ ಫೋಟೊಗಳನ್ನಲ್ಲ.

ವೈರು, ಪೋರ್ಟು, ಕರೆಂಟು

ಸದ್ದಿಲ್ಲ, ಡ್ರೈವ್ ಕಾಣುತ್ತದೆ, ಬ್ಯಾಕಪ್ ಶುರುವಾಗಿ ನಡುವೆ ನಿಲ್ಲುತ್ತದೆ. ಇದೇ ಎಲ್ಲಕ್ಕಿಂತ ಸಾಮಾನ್ಯ ದೂರು. ದೋಷಸಂಖ್ಯೆಯ ಕೊನೆ 8007045ಡಿ ಎಂದಿದ್ದರೆ ಕಂಪ್ಯೂಟರು ಮತ್ತು ಡಿಸ್ಕ್ ನಡುವಿನ ಮಾತುಕತೆ ಕಡಿದಿದೆ ಎಂದು ತಿಳಿಯಿರಿ.

ಪೋರ್ಟಬಲ್ ಡಿಸ್ಕ್‌ಗೆ ಬೇರೆ ಅಡಾಪ್ಟರ್ ಇರುವುದಿಲ್ಲ. ಯುಎಸ್‌ಬಿ ವೈರಿನಲ್ಲಿ ಬರುವ ಕರೆಂಟೇ ಅದಕ್ಕೆ ಊಟ. ಯುಎಸ್‌ಬಿ 2.0 ಪೋರ್ಟು ಕೊಡುವುದು 500 ಮಿಲಿಆಂಪಿಯರ್, ಯುಎಸ್‌ಬಿ 3.0 ಪೋರ್ಟು 900. ತಟ್ಟೆ ತಿರುಗಲು ಶುರುವಾಗುವ ಗಳಿಗೆಯಲ್ಲಿ ಡಿಸ್ಕ್‌ಗೆ ಹೆಚ್ಚು ಕರೆಂಟು ಬೇಕು. ಕ್ಯಾಬಿನೆಟ್ಟಿನ ಮುಂಭಾಗದ ಪೋರ್ಟು ಮದರ್‌ಬೋರ್ಡಿಗೆ ಸೇರುವುದು ಒಳಗಿನ ತೆಳು ವೈರಿನ ಮೂಲಕ. ಅದಕ್ಕೊಂದು ಅಗ್ಗದ ಹಬ್, ಹಬ್‌ಗೆ ಪೆನ್‌ಡ್ರೈವ್, ಬೆರಳುಗುರುತಿನ ಸಾಧನ, ಮೌಸು ಎಲ್ಲ ಸೇರಿಸಿದರೆ ಡಿಸ್ಕ್‌ಗೆ ಸಿಗುವುದು ಅರೆಹೊಟ್ಟೆ. ಹಬ್ ತೆಗೆಯಿರಿ, ಕ್ಯಾಬಿನೆಟ್ಟಿನ ಹಿಂಬದಿಯಲ್ಲಿ ನೇರ ಚುಚ್ಚಿ. ನೀಲಿ ನಾಲಿಗೆಯ ಪೋರ್ಟು ಇದ್ದರೆ ಅದಕ್ಕೇ. ಡಿಸ್ಕ್ ಜೊತೆ ಬಂದ ಗಿಡ್ಡ ವೈರನ್ನೇ ಬಳಸಿ. ಡಿಸ್ಕ್ ಕಡೆಯ ಅಗಲ ಬಾಯಿಯ ಕನೆಕ್ಟರ್ ವರ್ಷ ಕಳೆದಂತೆ ಸಡಿಲವಾಗುತ್ತದೆ, ಬೆರಳು ತಗುಲಿದರೆ ಸಾಕು ಡ್ರೈವ್ ಮಾಯ. ವೈರು ಬದಲಾಯಿಸಿದರೆ ಎಷ್ಟೋ ‘ಸತ್ತ’ ಡಿಸ್ಕ್‌ಗಳು ಎದ್ದು ಕೂರುತ್ತವೆ. ಟೈಪ್ ಸಿ ವೈರಾದರೆ ಇನ್ನೊಂದು ಎಚ್ಚರ: ಮೊಬೈಲಿನ ಕೆಲವು ವೈರುಗಳು ಚಾರ್ಜಿಗಷ್ಟೇ, ಡೇಟಾ ದಾಟುವುದಿಲ್ಲ.

ವೈರು ಸರಿಯಿದ್ದೂ ಹತ್ತಿಪ್ಪತ್ತು ನಿಮಿಷಕ್ಕೊಮ್ಮೆ ಡಿಸ್ಕ್ ಮಲಗಿಬಿಟ್ಟರೆ ವಿಂಡೋಸ್‌ನ ಪವರ್ ಆಪ್ಶನ್ಸ್ ತೆರೆಯಿರಿ. ‘ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್’ ಎಂಬುದನ್ನು ನಿಲ್ಲಿಸಿ, ಬ್ಯಾಕಪ್ ಮುಗಿಯುವವರೆಗೆ ಕಂಪ್ಯೂಟರ್ ನಿದ್ದೆಗೆ ಹೋಗದಂತೆ ಮಾಡಿ. ಕರೆಂಟು ಹೋಗಿ ಬರುವ ಹೊತ್ತಿನಲ್ಲಿ ಯುಪಿಎಸ್ ಇಲ್ಲದೆ ಬ್ಯಾಕಪ್ ಹಚ್ಚಲೇಬೇಡಿ. ಬರೆಯುತ್ತಿರುವಾಗ ಕರೆಂಟು ಹೋದರೆ ಆ ಫೈಲು ಅರ್ಧಕ್ಕೆ ನಿಲ್ಲುವುದಷ್ಟೇ ಅಲ್ಲ, ಡಿಸ್ಕ್‌ನ ಸೂಚಿಯೇ ಕೆಡಬಹುದು. ಹಾಗಾಗಿದ್ದರೆ ಡ್ರೈವ್ ಮೇಲೆ ಬಲಗುಂಡಿ ಒತ್ತಿ ಪ್ರಾಪರ್ಟೀಸ್, ಟೂಲ್ಸ್, ಚೆಕ್ ಎಂದು ಹೋದರೆ ವಿಂಡೋಸೇ ಸರಿಪಡಿಸುತ್ತದೆ. ಆದರೆ ಒಂದು ಮಾತು: ಈ ‘ಚೆಕ್’ ಆರೋಗ್ಯವಂತ ಡಿಸ್ಕ್‌ಗೆ ಮದ್ದು, ಸಾಯುತ್ತಿರುವ ಡಿಸ್ಕ್‌ಗೆ ಹೊರೆ. ಮೊದಲು ಡಿಸ್ಕ್‌ನ ನಾಡಿ ನೋಡಬೇಕು.

ನಾಡಿ ನೋಡಲು ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ಸಾಕು. ಅದು ಡಿಸ್ಕ್ ತನ್ನ ಬಗ್ಗೆ ತಾನೇ ಬರೆದಿಟ್ಟುಕೊಂಡಿರುವ ಲೆಕ್ಕವನ್ನು ತೋರಿಸುತ್ತದೆ. ಅದರಲ್ಲಿ ಮೂರು ಸಾಲು ನಿಮಗೆ ಬೇಕು. 05 ಎಂಬ ಸಾಲು ಹಾಳಾಗಿ ಬದಲಿ ಹಾಕಿದ ತುಣುಕುಗಳ ಎಣಿಕೆ. ಸಿ5 ಎಂಬುದು ಓದಲಾಗದೆ ಬಾಕಿ ಉಳಿದ ತುಣುಕುಗಳು. ಇವೆರಡು ಸೊನ್ನೆಯಿಂದ ಏರುತ್ತ ಹೋದರೆ ಡಿಸ್ಕ್‌ನ ಕಾಲ ಮುಗಿಯುತ್ತಿದೆ. ಇದ್ದದ್ದನ್ನು ತೆಗೆದುಕೊಂಡು ಹೊಸದು ಕೊಳ್ಳಿ. ಸಿ7 ಎಂಬ ಸಾಲು ಏರುತ್ತಿದ್ದರೆ ಡೇಟಾ ದಾಟುವ ದಾರಿಯಲ್ಲಿ ತಪ್ಪಾಗುತ್ತಿದೆ, ಅಂದರೆ ಜೋಡಣೆಯದೇ ದೋಷ ಇರಬಹುದು. ಡಿಸ್ಕ್ ಎಸೆಯುವ ಅವಸರ ಬೇಡ. ತಂತ್ರಾಂಶ ಉಷ್ಣತೆಯನ್ನೂ ತೋರಿಸುತ್ತದೆ. ಪೋರ್ಟಬಲ್ ಡಿಸ್ಕ್‌ಗಳ ವಿವರಪತ್ರದಲ್ಲಿ ಸುತ್ತಲಿನ ಉಷ್ಣತೆ 5ರಿಂದ 35 ಡಿಗ್ರಿ ಇರಲಿ ಎಂದು ಸಾಮಾನ್ಯವಾಗಿ ಬರೆದಿರುತ್ತದೆ. ನಮ್ಮ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ 40 ದಾಟುತ್ತದೆ, ತಗಡಿನ ಮಾಡಿನ ಅಂಗಡಿಯಲ್ಲಿ ಇನ್ನೂ ಹೆಚ್ಚು. ಬೇಸಿಗೆಯಲ್ಲಿ ದೊಡ್ಡ ಬ್ಯಾಕಪ್ಪನ್ನು ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳಿ, ಡಿಸ್ಕ್ ಅನ್ನು ಯುಪಿಎಸ್ ಮೇಲೆ ಇಡಬೇಡಿ, ಬಟ್ಟೆಯ ಚೀಲದೊಳಗೇ ಇಟ್ಟು ಓಡಿಸಬೇಡಿ. ಮಗ್ಗದ ಮನೆಯಾದರೆ ನೂಲಿನ ಎಳೆ, ಧೂಳು ಪೋರ್ಟಿನ ಬಾಯಿಗೆ ತುಂಬಿರುತ್ತದೆ. ಒಣ ಬ್ರಷ್ಷಿನಿಂದ ತೆಗೆಯಿರಿ.

ಜಾಗ ಇದ್ದೂ ಜಾಗವಿಲ್ಲ

ಐನೂರು ಜಿಬಿ ಖಾಲಿ ಇದೆ, ಆರು ಜಿಬಿಯ ವಿಡಿಯೊ ಹೋಗುವುದಿಲ್ಲ, ‘ಫೈಲು ತೀರಾ ದೊಡ್ಡದು’ ಎನ್ನುತ್ತದೆ. ಇದು ಜಾಗದ ಪ್ರಶ್ನೆಯಲ್ಲ. ಡ್ರೈವ್‌ನ ಪ್ರಾಪರ್ಟೀಸ್‌ನಲ್ಲಿ ಫೈಲ್ ಸಿಸ್ಟಮ್ ಎಂಬಲ್ಲಿ ಫ್ಯಾಟ್ 32 ಎಂದಿದ್ದರೆ ಉತ್ತರ ಸಿಕ್ಕಿತು. ಆ ವ್ಯವಸ್ಥೆಯಲ್ಲಿ ಒಂದು ಫೈಲು 4 ಜಿಬಿಯನ್ನು ಮೀರುವಂತಿಲ್ಲ. ಟಿವಿಗೆ, ಕಾರಿನ ಸ್ಟೀರಿಯೊಗೆ ಹಾಕಲೆಂದು ಹಾಗೆ ಫಾರ್ಮ್ಯಾಟ್ ಮಾಡಿದ ಡ್ರೈವ್‌ಗಳು ಆಮೇಲೆ ಬ್ಯಾಕಪ್‌ಗೆ ಬಳಕೆಯಾಗುತ್ತವೆ, ತೊಂದರೆ ಅಲ್ಲಿಂದ. ಒಳಗಿನದನ್ನು ಬೇರೆಡೆ ತೆಗೆದಿಟ್ಟು ಮತ್ತೆ ಫಾರ್ಮ್ಯಾಟ್ ಮಾಡಿ. ವಿಂಡೋಸ್‌ನಲ್ಲಷ್ಟೇ ಬಳಸುವುದಾದರೆ ಎನ್‌ಟಿಎಫ್‌ಎಸ್. ಇಡೀ ಕಂಪ್ಯೂಟರಿನ ಪ್ರತಿರೂಪ, ಅಂದರೆ ಸಿಸ್ಟಮ್ ಇಮೇಜ್ ತೆಗೆಯುವುದಾದರೂ ಎನ್‌ಟಿಎಫ್‌ಎಸ್ಸೇ ಬೇಕು. ಆ್ಯಪಲ್ ಮ್ಯಾಕ್ ಇಟ್ಟುಕೊಂಡ ಎಡಿಟರ್‌ಗೂ ಅದೇ ಡಿಸ್ಕ್ ಹೋಗುವುದಿದ್ದರೆ ಎಕ್ಸ್‌ಫ್ಯಾಟ್. ಮ್ಯಾಕ್ ತನ್ನಷ್ಟಕ್ಕೆ ಎನ್‌ಟಿಎಫ್‌ಎಸ್ ಡಿಸ್ಕ್ ಓದುತ್ತದೆ, ಅದರ ಮೇಲೆ ಬರೆಯುವುದಿಲ್ಲ.

ಇನ್ನು ಜಾಗವೇ ನಿಜವಾಗಿ ಮುಗಿದದ್ದು. ಆಗ ದೋಷಸಂಖ್ಯೆಯ ಕೊನೆ 80070070 ಎಂದಿರುತ್ತದೆ. ಒಂದು ಟಿಬಿ ಎಂದು ಬರೆದ ಡಿಸ್ಕ್ ವಿಂಡೋಸ್‌ನಲ್ಲಿ 931 ಜಿಬಿ ಎಂದು ಕಾಣುತ್ತದೆ. ಅದು ಮೋಸವಲ್ಲ, ಕಂಪನಿ ಸಾವಿರದಿಂದ ಎಣಿಸುತ್ತದೆ, ವಿಂಡೋಸ್ 1024ರಿಂದ. ವಿಂಡೋಸ್‌ನಲ್ಲೇ ಇರುವ ಫೈಲ್ ಹಿಸ್ಟರಿ ಎಂಬ ಬ್ಯಾಕಪ್ ಸೌಲಭ್ಯ ಬಳಸುವವರ ಡಿಸ್ಕ್ ಬೇಗ ತುಂಬಲು ಕಾರಣ ಬೇರೆ. ಅದು ಪ್ರತಿ ಫೈಲಿನ ಪ್ರತಿ ಬದಲಾವಣೆಯನ್ನೂ ಶಾಶ್ವತವಾಗಿ ಇಡು ಎಂಬ ಹೊಂದಿಕೆಯಲ್ಲೇ ಬಂದಿರುತ್ತದೆ. ಅಡ್ವಾನ್ಸ್‌ಡ್ ಸೆಟ್ಟಿಂಗ್ಸ್‌ನಲ್ಲಿ ‘ಜಾಗ ಬೇಕಾಗುವವರೆಗೆ’ ಅಥವಾ ‘ಒಂದು ವರ್ಷ’ ಎಂದು ಬದಲಾಯಿಸಿ.

80780119 ಎಂಬ ಸಂಖ್ಯೆ ಮಾತ್ರ ಬಹಳ ಜನರಿಗೆ ಸುಮ್ಮನೆ ದುಡ್ಡು ಖರ್ಚು ಮಾಡಿಸಿದೆ. ಅದೂ ಜಾಗ ಸಾಲದು ಎಂದೇ ಹೇಳುತ್ತದೆ, ಜನ ಓಡಿಹೋಗಿ ದೊಡ್ಡ ಡಿಸ್ಕ್ ತರುತ್ತಾರೆ, ಮತ್ತೆ ಅದೇ ದೋಷ. ಅಲ್ಲಿ ಸಾಲದಾಗಿರುವುದು ಹೊರಗಿನ ಡಿಸ್ಕ್‌ನ ಜಾಗವಲ್ಲ. ಕಂಪ್ಯೂಟರಿನ ಒಳಗೇ ವಿಂಡೋಸ್ ತನಗಾಗಿ ಮೀಸಲಿಟ್ಟ ಕೆಲವು ನೂರು ಎಂಬಿಯ ಪುಟ್ಟ ವಿಭಾಗ ತುಂಬಿದೆ. ಅದನ್ನು ಹಿಗ್ಗಿಸುವುದು ಬಲ್ಲವರ ಕೆಲಸ. ನಿಮ್ಮ ಕೈಲಾದದ್ದು ಸಿಸ್ಟಮ್ ಇಮೇಜಿನ ಆಸೆ ಬಿಟ್ಟು ಫೈಲುಗಳನ್ನಷ್ಟೇ ಬ್ಯಾಕಪ್ ಮಾಡುವುದು. ಅಂಗಡಿಗೆ ಬೇಕಾದದ್ದು ಫೈಲು. ವಿಂಡೋಸ್ ಅನ್ನು ಮತ್ತೆ ಹಾಕಿಕೊಳ್ಳಬಹುದು.

ಜಾತ್ರೆಯಲ್ಲಿ, ಆನ್‌ಲೈನಿನಲ್ಲಿ ನಂಬಲಾಗದ ಬೆಲೆಗೆ ಸಿಗುವ ಎರಡು ಟಿಬಿ ಪೆನ್‌ಡ್ರೈವ್, ಎಸ್‌ಎಸ್‌ಡಿಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಒಳಗೆ 32 ಅಥವಾ 64 ಜಿಬಿಯ ಚಿಪ್ ಇಟ್ಟು ಎರಡು ಟಿಬಿ ಎಂದು ಸುಳ್ಳು ಹೇಳುವಂತೆ ತಿದ್ದಿರುತ್ತಾರೆ. ಬರೆಯುವಾಗ ಎಲ್ಲ ಸರಿ, ಓದುವಾಗ ಫೈಲು ಖಾಲಿ. ಎಚ್‌2ಟೆಸ್ಟ್‌ಡಬ್ಲ್ಯು ಎಂಬ ಉಚಿತ ತಂತ್ರಾಂಶ ಪೂರ್ತಿ ಬರೆದು ಓದಿ ಸುಳ್ಳನ್ನು ಹಿಡಿಯುತ್ತದೆ.

ಅಂಗಡಿ ಮುಚ್ಚಿದ ಮೇಲೆ ಬ್ಯಾಕಪ್ ಮಾಡುವವರಾರು?

ವಿಂಡೋಸ್ 11ರಲ್ಲೂ ‘ಬ್ಯಾಕಪ್ ಆ್ಯಂಡ್ ರಿಸ್ಟೋರ್’ ಎಂಬ ಹೆಸರಿನಲ್ಲಿ ಉಳಿದಿರುವ ಹಳೆಯ ಬ್ಯಾಕಪ್ ಸೌಲಭ್ಯ ತಾನಾಗಿ ಆರಿಸಿಕೊಳ್ಳುವ ಸಮಯ ಭಾನುವಾರ ಸಂಜೆ ಏಳು ಗಂಟೆ. ಆ ಹೊತ್ತಿಗೆ ನಿಮ್ಮ ಅಂಗಡಿಯ ಮೇನ್ ಸ್ವಿಚ್ ಬಂದ್ ಆಗಿದ್ದರೆ? ಕಂಪ್ಯೂಟರಿಗೆ ಜೀವವಿಲ್ಲ, ಡಿಸ್ಕ್ ಡ್ರಾಯರಿನಲ್ಲಿದೆ, ಬ್ಯಾಕಪ್ ಆಗುವುದು ಎಲ್ಲಿಂದ? ಹೊರಡುವಾಗ ಮೇನ್ ಆರಿಸುವುದು ನಮ್ಮ ಊರುಗಳ ಒಳ್ಳೆಯ ರೂಢಿ, ಅದನ್ನು ಬಿಡುವುದು ಬೇಡ, ಸಮಯವನ್ನು ಬದಲಾಯಿಸಿ. ಮಧ್ಯಾಹ್ನ ಊಟದ ಹೊತ್ತು, ಗಿರಾಕಿ ಕಡಿಮೆ, ಯುಪಿಎಸ್ ಹತ್ತಿರುತ್ತದೆ, ಅದೇ ಸರಿ. ಟಾಸ್ಕ್ ಶೆಡ್ಯೂಲರಿನಲ್ಲಿ ಆ ಕೆಲಸವನ್ನು ತೆರೆದು, ತಪ್ಪಿದರೆ ಸಾಧ್ಯವಾದಷ್ಟು ಬೇಗ ಮತ್ತೆ ಶುರು ಮಾಡು ಎಂಬ ಚೌಕಕ್ಕೆ ಗುರುತು ಹಾಕಿ. ಲ್ಯಾಪ್‌ಟಾಪ್ ಆದರೆ ಅಲ್ಲೇ ‘ಚಾರ್ಜರ್ ಇದ್ದಾಗ ಮಾತ್ರ’ ಎಂಬ ಷರತ್ತು ಇರುತ್ತದೆ, ಬ್ಯಾಟರಿ ಮೇಲೆ ಓಡುವವರಿಗೆ ಬ್ಯಾಕಪ್ ಶುರುವಾಗದಿರಲು ಅದೇ ಕಾರಣ.

ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಅನೇಕರು 11ಕ್ಕೆ ಬಂದಿದ್ದಾರೆ. ಅಲ್ಲಿ ‘ವಿಂಡೋಸ್ ಬ್ಯಾಕಪ್’ ಎಂಬ ಹೊಸ ಆ್ಯಪ್ ಇದೆ. ಅದನ್ನು ಒತ್ತಿ, ಹಸಿರು ಗುರುತು ನೋಡಿ, ಬ್ಯಾಕಪ್ ಆಯಿತೆಂದು ತಿಳಿದವರಿದ್ದಾರೆ. ಅದು ಬರೆಯುವುದು ಒನ್‌ಡ್ರೈವ್ ಎಂಬ ಇಂಟರ್ನೆಟ್ ಜಾಗಕ್ಕೆ, ಉಚಿತವಾಗಿ ಸಿಗುವುದು 5 ಜಿಬಿ. ನಿಮ್ಮ ಹೊರಗಿನ ಡಿಸ್ಕ್ ಅನ್ನು ಅದು ಮುಟ್ಟುವುದೇ ಇಲ್ಲ. ಹೊರಗಿನ ಡಿಸ್ಕ್‌ಗೆ ಬೇಕಾದ ಫೈಲ್ ಹಿಸ್ಟರಿ ಇನ್ನೂ ಕಂಟ್ರೋಲ್ ಪ್ಯಾನೆಲಿನೊಳಗೆ ಕೂತಿದೆ, ಹುಡುಕಿ ತೆಗೆಯಬೇಕು. ಒನ್‌ಡ್ರೈವ್ ಹತ್ತಿಸಿದ ಕಂಪ್ಯೂಟರಿನಲ್ಲಿ ಫೈಲಿನ ಪಕ್ಕ ಮೋಡದ ಗುರುತು ಇದ್ದರೆ ಆ ಫೈಲು ನಿಮ್ಮ ಡಿಸ್ಕ್‌ನಲ್ಲೇ ಇಲ್ಲ, ಹೆಸರು ಮಾತ್ರ ಇದೆ. ಬ್ಯಾಕಪ್ ಅದನ್ನು ಬಿಟ್ಟು ಮುಂದೆ ಹೋಗಬಹುದು. ಫೋಲ್ಡರಿನ ಮೇಲೆ ಬಲಗುಂಡಿ ಒತ್ತಿ ‘ಈ ಸಾಧನದಲ್ಲಿ ಸದಾ ಇಡು’ ಎಂಬುದನ್ನು ಆರಿಸಿ.

ಟ್ಯಾಲಿಯವರಿಗೆ ಇನ್ನೊಂದು ಬಲೆ. ಫೈಲ್ ಹಿಸ್ಟರಿ ನೋಡಿಕೊಳ್ಳುವುದು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮುಂತಾದ ಗೊತ್ತಾದ ಜಾಗಗಳನ್ನು. ಟ್ಯಾಲಿಯ ಡೇಟಾ ಅನೇಕ ಕಡೆ ಸಿ ಅಥವಾ ಡಿ ಡ್ರೈವ್‌ನ ಬೇರೆ ಫೋಲ್ಡರಿನಲ್ಲಿರುತ್ತದೆ. ವರ್ಷಗಟ್ಟಲೆ ಬ್ಯಾಕಪ್ ‘ಯಶಸ್ವಿ’, ಅದರಲ್ಲಿ ಲೆಕ್ಕವೇ ಇಲ್ಲ. ಟ್ಯಾಲಿ ಪ್ರೈಮ್‌ನಲ್ಲಿ ಆಲ್ಟ್ ಮತ್ತು ವೈ ಒತ್ತಿದರೆ ಡೇಟಾ ಪಟ್ಟಿ ಬರುತ್ತದೆ, ಅಲ್ಲಿಂದ ಬ್ಯಾಕಪ್ ಕೊಟ್ಟು ಹೊರಗಿನ ಡಿಸ್ಕ್‌ನ ಹೆಸರು ತೋರಿಸಿ. ಫೋಲ್ಡರನ್ನೇ ನಕಲು ಮಾಡುವುದಾದರೆ ಟ್ಯಾಲಿಯನ್ನು ಎಲ್ಲ ಕಂಪ್ಯೂಟರುಗಳಲ್ಲೂ ಮುಚ್ಚಿರಬೇಕು. ತೆರೆದ ಫೈಲನ್ನು ನಕಲು ಮಾಡಲು ಹೋದರೆ 80070020 ಎಂದು ಬಂದು ನಿಲ್ಲುತ್ತದೆ.

ಡಿಟಿಪಿ ಅಂಗಡಿಯ ಕಷ್ಟ ಪೆನ್‌ಡ್ರೈವ್‌ಗಳದು. ದಿನವಿಡೀ ಗಿರಾಕಿಗಳ ಪೆನ್‌ಡ್ರೈವ್ ಬಂದು ಹೋಗುವಾಗ ಬ್ಯಾಕಪ್ ಡಿಸ್ಕ್‌ನ ಡ್ರೈವ್ ಅಕ್ಷರ ನಿನ್ನೆ ಇ ಆಗಿದ್ದದ್ದು ಇಂದು ಜಿ ಆಗುತ್ತದೆ. ಅಕ್ಷರ ನಂಬಿಕೊಂಡ ತಂತ್ರಾಂಶ ಡಿಸ್ಕ್ ಸಿಗಲಿಲ್ಲ ಎನ್ನುತ್ತದೆ, ಇಲ್ಲವೇ ಯಾರದೋ ಪೆನ್‌ಡ್ರೈವ್‌ಗೆ ಬರೆಯುತ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ನಿಮ್ಮ ಡಿಸ್ಕ್‌ಗೆ ಎಕ್ಸ್ ಅಥವಾ ವೈ ಎಂಬ ಕೊನೆಯ ಅಕ್ಷರ ಕೊಟ್ಟುಬಿಡಿ, ಅದು ಅಲ್ಲೇ ನಿಲ್ಲುತ್ತದೆ. ಪೆನ್‌ಡ್ರೈವ್ ಜೊತೆ ಬರುವ ಶಾರ್ಟ್‌ಕಟ್ ವೈರಸ್ ಫೋಲ್ಡರುಗಳನ್ನು ಅಡಗಿಸಿ ಅವುಗಳ ಜಾಗದಲ್ಲಿ ಬಾಣದ ಗುರುತಿನ ನಕಲಿಗಳನ್ನು ಇಡುತ್ತದೆ. ಅವನ್ನು ಒತ್ತಬೇಡಿ. ವೈರಸ್ ತೆಗೆದು, ಅಡಗಿದ ಫೈಲುಗಳನ್ನು ತೋರಿಸುವಂತೆ ಮಾಡಿದರೆ ಸಾಮಾನ್ಯವಾಗಿ ಎಲ್ಲವೂ ಇದ್ದಲ್ಲೇ ಇರುತ್ತದೆ.

ಫೈಲು ಬಂತು, ಅಕ್ಷರ ಬರಲಿಲ್ಲ

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇಂಗ್ಲಿಷಿನವರಿಗಿಲ್ಲದ ಎರಡು ತೊಂದರೆಗಳಿವೆ. ಸಾಮಾನ್ಯ ಕೈಪಿಡಿಗಳು ಇವನ್ನು ಹೇಳುವುದಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೊದಲನೆಯದು ಫಾಂಟು. ಮಕ್ತಲ್‌ನಿಂದ ರಾಯಚೂರಿನವರೆಗೆ ಹಳೆಯ ಲಗ್ನಪತ್ರಿಕೆ, ಕರಪತ್ರ, ಶಾಲೆಯ ಪ್ರಶ್ನೆಪತ್ರಿಕೆಗಳಲ್ಲಿ ಬಹಳಷ್ಟು ಯೂನಿಕೋಡ್‌ನಲ್ಲಿಲ್ಲ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ, ಶೇಷಾದ್ರಿವಾಸು ಅವರ ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಾಗಿವೆ. ತೆಲುಗಿನ ಕೆಲಸ ಅನು ಫಾಂಟುಗಳಲ್ಲಿ. ಇಂಥ ಫೈಲಿನೊಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಾಲು, ಅದಕ್ಕೆ ಕನ್ನಡದ ರೂಪ ಕೊಡುವುದು ಫಾಂಟು. ಫೈಲು ಬ್ಯಾಕಪ್ ಆಗಿ ಫಾಂಟು ಆಗದಿದ್ದರೆ, ಹೊಸ ಕಂಪ್ಯೂಟರಿನಲ್ಲಿ ತೆರೆದಾಗ ಅರ್ಥವಾಗದ ಚಿಹ್ನೆಗಳು. ಫೈಲು ಕೆಟ್ಟಿದೆ ಎಂದುಕೊಂಡು ಅಳಿಸಿದರೆ ಕೆಲಸ ಶಾಶ್ವತವಾಗಿ ಹೋಯಿತು. ಹಾಗಾಗಿ ಬ್ಯಾಕಪ್ ಪಟ್ಟಿಗೆ ಸಿ ಡ್ರೈವ್‌ನ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರನ್ನೂ ಸೇರಿಸಿ. ಈಚಿನ ವಿಂಡೋಸ್‌ನಲ್ಲಿ ಒಬ್ಬ ಬಳಕೆದಾರ ತನಗಷ್ಟೇ ಹಾಕಿಕೊಂಡ ಫಾಂಟು ಅಲ್ಲಿರುವುದಿಲ್ಲ, ಆತನ ಹೆಸರಿನ ಫೋಲ್ಡರಿನಲ್ಲಿ ಆ್ಯಪ್‌ಡೇಟಾ ಎಂಬ ಅಡಗಿದ ಜಾಗದಲ್ಲಿರುತ್ತದೆ. ಇಷ್ಟು ಹುಡುಕುವುದು ಬೇಡವೆಂದರೆ ಬಳಸುವ ಫಾಂಟುಗಳನ್ನೂ ತಂತ್ರಾಂಶದ ಸೆಟಪ್ ಫೈಲನ್ನೂ ಬ್ಯಾಕಪ್ ಡಿಸ್ಕ್‌ನಲ್ಲಿ ‘ಫಾಂಟು’ ಎಂಬ ಫೋಲ್ಡರು ಮಾಡಿ ಒಮ್ಮೆ ಹಾಕಿಟ್ಟುಬಿಡಿ. ಪೇಜ್‌ಮೇಕರ್ ಫೈಲಿಗೆ ಅಂಟಿಸಿದ ಚಿತ್ರಗಳೂ ಬೇರೆ ಫೋಲ್ಡರಿನಲ್ಲಿ ಇರಬಹುದು, ಅವೂ ಬರಬೇಕು. ಮುಗಿದ ಪ್ರತಿ ಕೆಲಸದ ಪಿಡಿಎಫ್ ಒಂದನ್ನು ಫಾಂಟು ಒಳಗೆ ಸೇರುವ ಹಾಗೆ ತೆಗೆದಿಟ್ಟರೆ, ಮಿಕ್ಕದ್ದೆಲ್ಲ ಹೋದರೂ ನೋಡಿ ಮತ್ತೆ ಟೈಪ್ ಮಾಡಲಾದರೂ ಒಂದು ಪ್ರತಿ ಇರುತ್ತದೆ.

ಎರಡನೆಯದು ಕನ್ನಡದಲ್ಲಿ ಬರೆದ ಫೈಲಿನ ಹೆಸರು. ವಿಂಡೋಸ್ ಇದನ್ನು ಸರಾಗವಾಗಿ ಒಪ್ಪುತ್ತದೆ. ಆದರೆ ಲಿನಕ್ಸ್ ಕಂಪ್ಯೂಟರಿಗೆ ಅಥವಾ ಅಂಗಡಿಯ ನೆಟ್‌ವರ್ಕ್ ಡಿಸ್ಕ್‌ಗೆ ನಕಲು ಮಾಡುವಾಗ ಕೆಲವೇ ಕೆಲವು ಫೈಲುಗಳು ಬಾರದೆ ಉಳಿಯುತ್ತವೆ, ಕಾರಣ ಹೊಳೆಯುವುದಿಲ್ಲ. ಅಲ್ಲಿ ಹೆಸರಿನ ಮಿತಿ 255 ಬೈಟು. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು, ಕನ್ನಡದ ಒಂದು ಸಂಕೇತಕ್ಕೆ ಮೂರು. ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ ‘ಸ್ವಾ’ ಕಂಪ್ಯೂಟರಿಗೆ ನಾಲ್ಕು ಸಂಕೇತ, ಹನ್ನೆರಡು ಬೈಟು. ಅಂಥ ಒತ್ತಕ್ಷರಗಳೇ ತುಂಬಿದ್ದರೆ ಇಪ್ಪತ್ತೊಂದಕ್ಕೆ ಹೆಸರಿನ ಮಿತಿ ಮುಗಿಯಿತು. ವಿಂಡೋಸ್‌ನಲ್ಲೂ ಫೋಲ್ಡರಿನೊಳಗೆ ಫೋಲ್ಡರು ಮಾಡುತ್ತ ಹೋದರೆ ಇಡೀ ದಾರಿ 260 ಸಂಕೇತ ಮೀರಿದಾಗ ಕೆಲವು ತಂತ್ರಾಂಶಗಳು ಫೈಲನ್ನು ಬಿಟ್ಟುಬಿಡುತ್ತವೆ. ‘ಮಕ್ತಲ್ ಪಡಮಟಿ ಆಂಜನೇಯಸ್ವಾಮಿ ಜಾತ್ರೆ ಆಹ್ವಾನ ಪತ್ರಿಕೆ ಎರಡನೇ ತಿದ್ದುಪಡಿ ಫೈನಲ್’ ಎಂದು ಪೂರ್ತಿ ಬರೆಯುವ ಬದಲು ವರ್ಷ, ಊರು, ಗಿರಾಕಿಯ ಒಂದು ಪದ ಸಾಕು. ಕನ್ನಡ ಬಿಡಬೇಕಿಲ್ಲ, ಚಿಕ್ಕದಾಗಿ ಬರೆಯಿರಿ.

ಕೊನೆಗೆ ತೆರೆದು ನೋಡಿ

ದೋಷ ಸರಿಹೋಯಿತು, ಬ್ಯಾಕಪ್ ಪೂರ್ತಿಯಾಯಿತು ಎಂದು ಕಂಪ್ಯೂಟರ್ ಹೇಳಿತು. ಅಲ್ಲಿಗೆ ನಿಲ್ಲಿಸಬೇಡಿ. ಡಿಸ್ಕನ್ನು ಬೇರೊಂದು ಕಂಪ್ಯೂಟರಿಗೆ ಹಾಕಿ ಹಳೆಯದೊಂದು ಫೋಟೊ, ಒಂದು ವಿಡಿಯೊದ ಕೊನೆಯ ನಿಮಿಷ, ಒಂದು ಲಗ್ನಪತ್ರಿಕೆ ತೆರೆದು ನೋಡಿ. ಟ್ಯಾಲಿ ಬ್ಯಾಕಪ್ ಅನ್ನು ಬೇರೆ ಫೋಲ್ಡರಿಗೆ ರಿಸ್ಟೋರ್ ಮಾಡಿ ಬಾಕಿ ಮೊತ್ತ ಹೊಂದುತ್ತದೆಯೇ ನೋಡಿ. ಇರುವ ಕಂಪನಿಯ ಮೇಲೆಯೇ ರಿಸ್ಟೋರ್ ಮಾಡಿದರೆ ಇಂದಿನ ಲೆಕ್ಕದ ಮೇಲೆ ಹಳೆಯ ಲೆಕ್ಕ ಕೂರುತ್ತದೆ, ಹುಷಾರು. ನಮ್ಮ ಕಡೆ ಅಮಾವಾಸ್ಯೆಗೆ ಅಂಗಡಿ ಪೂಜೆ ಮಾಡುವವರು ಬಹಳ. ಆ ದಿನ ವ್ಯಾಪಾರ ಶುರುವಾಗುವ ಮುನ್ನ ಈ ಪರೀಕ್ಷೆಗೆ ಹದಿನೈದು ನಿಮಿಷ ಇಟ್ಟುಕೊಂಡರೆ ನೆನಪಿಟ್ಟುಕೊಳ್ಳುವ ಕಷ್ಟವೂ ಇಲ್ಲ.

ಡಿಸ್ಕ್ ಅನ್ನು ಸದಾ ಚುಚ್ಚಿಟ್ಟಿರಬೇಡಿ. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹಬ್ಬಿದ ವಾನಾಕ್ರೈನಂಥ ಒತ್ತೆ ವೈರಸ್ ಕಂಪ್ಯೂಟರಿನ ಫೈಲುಗಳ ಜೊತೆ, ಆಗ ಜೋಡಿಸಿರುವ ಹೊರಗಿನ ಡಿಸ್ಕ್‌ನ ಫೈಲುಗಳಿಗೂ ಬೀಗ ಹಾಕುತ್ತದೆ. ಬ್ಯಾಕಪ್ ಮುಗಿದೊಡನೆ ‘ಈಜೆಕ್ಟ್’ ಮಾಡಿ ತೆಗೆಯಿರಿ. ವಿಂಡೋಸ್ 11 ಲ್ಯಾಪ್‌ಟಾಪ್‌ಗಳು ಒಳಗಿನ ಡಿಸ್ಕ್‌ಗೆ ತಾವಾಗಿಯೇ ಬಿಟ್‌ಲಾಕರ್ ಬೀಗ ಹಾಕಿರಬಹುದು. ಅದರ 48 ಅಂಕಿಯ ಕೀಲಿಯನ್ನು ಕಾಗದದಲ್ಲಿ ಬರೆದಿಡಿ, ಅದೇ ಲ್ಯಾಪ್‌ಟಾಪ್‌ನಲ್ಲಿ ಬರೆದಿಟ್ಟು ಪ್ರಯೋಜನವಿಲ್ಲ.

ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ 3-2-1 ಎಂಬ ಲೆಕ್ಕ ಸ್ಟುಡಿಯೊದವರಿಗೆ ಚೆನ್ನಾಗಿ ಹೊಂದುತ್ತದೆ: ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಬೇರೆ ಜಾಗದಲ್ಲಿ. ಕೊನೆಯದನ್ನು ಜನ ಅತಿ ಎಂದುಕೊಳ್ಳುತ್ತಾರೆ. 2009ರ ಅಕ್ಟೋಬರ್ ಮೊದಲ ವಾರ ಕೃಷ್ಣೆ, ತುಂಗಭದ್ರೆಗಳು ಒಟ್ಟಿಗೆ ಉಕ್ಕಿ ಕರ್ನೂಲು ನಗರ ಮುಳುಗಿದಾಗ ಆಲಂಪುರ, ರಾಜೋಳಿಯ ಕಡೆಯೂ ನೀರು ನುಗ್ಗಿತು. ರಾಜೋಳಿ ನೇಕಾರರ ಊರು, ಮನೆಗಳ ಜೊತೆ ಮಗ್ಗಗಳೂ ಹೋದವು. ಕಂಪ್ಯೂಟರ್ ಮತ್ತು ಬ್ಯಾಕಪ್ ಡಿಸ್ಕ್ ಎರಡೂ ಒಂದೇ ಮೇಜಿನ ಮೇಲಿದ್ದರೆ ಅಂಥ ದಿನ ಎರಡೂ ಒಟ್ಟಿಗೇ ಹೋಗುತ್ತವೆ. ಮಕ್ತಲ್‌ನಿಂದ ರಾಯಚೂರಿಗೆ ಬಸ್ಸಿದೆ, 2013ರಿಂದ ಗದ್ವಾಲ್‌ಗೂ ರಾಯಚೂರಿಗೂ ರೈಲಿದೆ, ಈ ಕಡೆಯವರಿಗೆ ಆ ಕಡೆ ನೆಂಟರಿಲ್ಲದ ಮನೆ ಅಪರೂಪ. ಎರಡನೆಯ ಡಿಸ್ಕ್ ಒಂದನ್ನು ಕೊಂಡು ಬೇಕಾದದ್ದನ್ನೆಲ್ಲ ಅದಕ್ಕೆ ತುಂಬಿ, ಮುಂದಿನ ಸಲ ನೆಂಟರ ಮನೆಗೆ ಹೋಗುವಾಗ ಅಲ್ಲಿನ ಬೀರುವಿನಲ್ಲಿಟ್ಟು ಬನ್ನಿ.